ಇನ್ನೂರ ಹದಿನಾಲ್ಕು ಕೋಟಿಯ ಒಂದು ಸಂಖ್ಯೆ

ಕೇಳುಗರಿಗೆ ನಮಸ್ಕಾರ. ಹತ್ತಿರದಲ್ಲಿ ಪೆನ್ನಿದ್ದರೆ ಬರೆದುಕೊಳ್ಳಿ. 214 ಕೋಟಿ 74 ಲಕ್ಷದ 83 ಸಾವಿರದ 647. ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಕೊನೆಗೆ ಒಂದು ಕಳೆಯಿರಿ. ಬರುವ ಉತ್ತರ ಇದೇ.

ಇದು ಅವಿಭಾಜ್ಯ ಸಂಖ್ಯೆ. ಅಂದರೆ ಒಂದು ಮತ್ತು ಇದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲೇ ಹಾಗೆಂದಿದ್ದರು. ಸಾಧಿಸಿ ತೋರಿಸಿದವರು ಗಣಿತಜ್ಞ ಲಿಯೊನಾರ್ಡ್ ಆಯ್ಲರ್, 1772ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಆಗ ಅವರ ವಯಸ್ಸು ಅರವತ್ತು ದಾಟಿತ್ತು. ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋಗಿತ್ತು.

ಅವರು ಹೇಗೆ ಮಾಡಿದರು? ಈ ಸಂಖ್ಯೆಗೆ ಅಪವರ್ತನಗಳಿದ್ದರೆ, ಒಂದಾದರೂ 46,340ರ ಒಳಗಿರಲೇಬೇಕು. 46,341ನ್ನು ಅದರಿಂದಲೇ ಗುಣಿಸಿದರೆ ನಮ್ಮ ಸಂಖ್ಯೆಯನ್ನು ಮೀರಿಬಿಡುತ್ತದೆ, ಅದಕ್ಕೆ. ಆದರೂ ಅಷ್ಟನ್ನೂ ಭಾಗಿಸಿ ನೋಡುವುದು ಯಾರಿಂದಾದೀತು? ಆಯ್ಲರ್ ಇನ್ನೊಂದು ನಿಯಮ ಕಂಡುಕೊಂಡರು. ಇದನ್ನು ಭಾಗಿಸಬಲ್ಲ ಅವಿಭಾಜ್ಯವನ್ನು 248ರಿಂದ ಭಾಗಿಸಿದಾಗ ಶೇಷ 1 ಇಲ್ಲವೇ 63 ಬರಬೇಕು. ಬೇರೇನೇ ಬಂದರೂ ಅದನ್ನು ಬಿಟ್ಟುಬಿಡಬಹುದು. ಆಗ ಉಳಿಯುವುದು 373 ಸಂಖ್ಯೆಗಳು ಮಾತ್ರ! ಅದರಲ್ಲೂ ಎಷ್ಟೋ ಅವಿಭಾಜ್ಯಗಳೇ ಅಲ್ಲ, ಅವೂ ಹೋದವು. ಉಳಿದ ಯಾವುದೂ ಇದನ್ನು ಭಾಗಿಸಲಿಲ್ಲ. ಗಣಿತದಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ. ಲೆಕ್ಕ ಶುರುವಾಗುವ ಮೊದಲೇ ಬರೀ ಯೋಚನೆಯಿಂದ ಅಷ್ಟೊಂದು ಕೆಲಸ ಉಳಿಯಿತು, ಅಲ್ವಾ?

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ಇದರಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಯ ಬಗ್ಗೆ ಬರೆದರು. ಪರಿಪೂರ್ಣ ಸಂಖ್ಯೆ ಎಂದರೆ, ತನ್ನನ್ನು ಬಿಟ್ಟು ತನ್ನ ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವಂಥದ್ದು, 1, 2, 3 ಕೂಡಿದರೆ 6 ಬರುವ ಹಾಗೆ. ಇಂಥವು ಬರೀ ಕುತೂಹಲದ ವಸ್ತು, ಉಪಯೋಗವಿಲ್ಲ, ಆದ್ದರಿಂದ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಎಂದರು. 1876ರಲ್ಲೇ ಫ್ರಾನ್ಸಿನ ಲ್ಯೂಕಾ ಎಷ್ಟೋ ಪಾಲು ದೊಡ್ಡದನ್ನು ಕಂಡುಕೊಟ್ಟರು.

ಉಪಯೋಗದ ಮಾತೂ ನಿಲ್ಲಲಿಲ್ಲ. ಬಿಟ್ ಎಂದರೆ ಕಂಪ್ಯೂಟರಿನಲ್ಲಿ 0 ಇಲ್ಲವೇ 1 ಹಿಡಿಯುವ ಒಂದು ಜಾಗ. ಒಂದು ಸಂಖ್ಯೆಗೆ ಕೊಟ್ಟ 32 ಬಿಟ್‌ಗಳಲ್ಲಿ ಒಂದು ಧನವೋ ಋಣವೋ ಎಂದು ಹೇಳಲು ಹೋದರೆ, 31 ಬಿಟ್ ಉಳಿಯುತ್ತದೆ. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ ನಮ್ಮದೇ. ಅಲ್ಲಿ ಅದು ಅವಿಭಾಜ್ಯವಾಗಿರುವುದು ಕಾಕತಾಳೀಯ. ಆದರೆ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಸಂಖ್ಯೆಗಳನ್ನು ಕೊಡುವ ಒಂದು ಹಳೆಯ ವಿಧಾನಕ್ಕೆ ಆ ಗುಣವೇ ಆಧಾರ. ಪ್ರತಿ ಸಲ 16,807ರಿಂದ ಗುಣಿಸಿ, ನಮ್ಮ ಸಂಖ್ಯೆಯಿಂದ ಭಾಗಿಸಿ, ಶೇಷ ಇಟ್ಟುಕೊಳ್ಳುವುದು. ಹಾಗೆ ಮಾಡಿದರೆ ಒಂದರಿಂದ ಹಿಡಿದು ಇದಕ್ಕಿಂತ ಒಂದು ಕಡಿಮೆಯವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದು ಸಲ ಬಂದ ಮೇಲೆಯೇ ಸರದಿ ಮತ್ತೆ ಶುರುವಾಗುತ್ತದೆ.

ಇನ್ನೊಂದು ವಿಷಯ. ಎಷ್ಟೋ ಕಂಪ್ಯೂಟರುಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತವೆ. 32 ಬಿಟ್‌ನಲ್ಲಿ ಎಣಿಸುವವು 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಈ ಸಂಖ್ಯೆ ಮುಟ್ಟುತ್ತವೆ. ಮುಂದಿನ ಸೆಕೆಂಡಿಗೆ ಜಾಗವಿಲ್ಲ. ಅದಕ್ಕೇ 64 ಬಿಟ್‌ಗೆ ಬದಲಾಯಿಸುವ ಕೆಲಸ ನಡೆದಿದೆ. ಅಲ್ಲಿನ ಅತಿ ದೊಡ್ಡ ಸಂಖ್ಯೆ ಅರವತ್ತಮೂರು ಎರಡುಗಳ ಗುಣಲಬ್ಧಕ್ಕಿಂತ ಒಂದು ಕಡಿಮೆ. ಸುಮಾರು 29,200 ಕೋಟಿ ವರ್ಷಕ್ಕೆ ಸಾಲುತ್ತದೆ. ಆದರೆ ಅದು ಅವಿಭಾಜ್ಯವಲ್ಲ, 7ರಿಂದಲೇ ಭಾಗವಾಗುತ್ತದೆ.