27 ಗೆಲುವು ಎರಡೂ ತಂಡಕ್ಕೆ, ಟ್ರೋಫಿ ರಿಯೇಕಾಗೆ

[ಪರದೆಯ ಮೇಲೆ ಎರಡೇ ಸಾಲು. ರಿಯೇಕಾ: 27–7–2. ದಿನಾಮೊ: 27–5–4]

ಈ ಎರಡು ಸಾಲನ್ನು ಸ್ವಲ್ಪ ಹೊತ್ತು ನೋಡಿ. ಗೆಲುವು, ಡ್ರಾ, ಸೋಲು, ಇದೇ ಕ್ರಮದಲ್ಲಿವೆ. ಕ್ರೊವೇಷಿಯಾದ ಮೊದಲ ದರ್ಜೆ ಫುಟ್ಬಾಲ್ ಲೀಗ್, 2016–17ರ ಸೀಸನ್. ಎರಡೂ ತಂಡ ಗೆದ್ದಿದ್ದು ಸರಿಯಾಗಿ 27 ಪಂದ್ಯ. ಆದರೆ ಒಂದಕ್ಕೆ 88 ಪಾಯಿಂಟ್, ಇನ್ನೊಂದಕ್ಕೆ 86. ದಿನಾಮೊ ಜಾಗ್ರೆಬ್ ಸತತ 11 ವರ್ಷ ಬಿಟ್ಟುಕೊಡದಿದ್ದ ಟ್ರೋಫಿ ಕೈತಪ್ಪಿದ್ದು ಈ ಎರಡು ಪಾಯಿಂಟಿನಲ್ಲಿ. ಗೆಲುವು ಸಮಸಮ ಇರುವಾಗ ಆ ಎರಡು ಪಾಯಿಂಟ್ ಬಂದಿದ್ದೆಲ್ಲಿಂದ?

ಮೊದಲು ನಿಯಮ, ಬೇಗ ಮುಗಿಸೋಣ. ಲೀಗಿನಲ್ಲಿ 10 ತಂಡ. ಪ್ರತಿ ಎದುರಾಳಿಯ ಜೊತೆ ನಾಲ್ಕು ಸಲ ಆಟ, ತವರಿನಲ್ಲಿ ಎರಡು, ಹೊರಗೆ ಎರಡು. ಒಟ್ಟು 36 ಪಂದ್ಯ. ಗೆದ್ದರೆ 3, ಡ್ರಾ ಆದರೆ 1, ಸೋತರೆ ಸೊನ್ನೆ. ಹಾಗಾಗಿ ಗರಿಷ್ಠ 108. ನಮ್ಮ ಭಾರತದ ಡಿಫೆಂಡರ್ ಸಂದೇಶ್ ಝಿಂಗನ್, ಮುಂದೆ ಬೆಂಗಳೂರು ಎಫ್‌ಸಿಗೆ ಆಡಿದರಲ್ಲ, ಅವರು 2021ರಲ್ಲಿ ಸೇರಿಕೊಂಡ ಶಿಬೆನಿಕ್ ತಂಡ ಇದ್ದಿದ್ದೂ ಇದೇ ಲೀಗಿನಲ್ಲಿ. ಗಾಯದಿಂದಾಗಿ ಅವರು ಅಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ.

ರಿಯೇಕಾ ಆಡ್ರಿಯಾಟಿಕ್ ದಡದ ಬಂದರು ಊರು. ಇಂಗ್ಲಿಷ್ ಅಕ್ಷರದಲ್ಲಿ ನಡುವೆ 'ಜೆ' ಕಾಣುತ್ತದೆ, ರಿಜೇಕಾ ಅಂತ ಓದಬೇಡಿ. ಅವರ ಭಾಷೆಯಲ್ಲಿ ಅದು 'ಯ'. ಪದದ ಅರ್ಥ 'ನದಿ'.

ಈಗ ಅಸಲಿ ವಿಷಯ. ಒಂದು ವರ್ಷ ಹಿಂದಕ್ಕೆ ಬನ್ನಿ.

[ಪರದೆ: 2015–16. ರಿಯೇಕಾ 21–14–1, 77 ಪಾಯಿಂಟ್. ದಿನಾಮೊ 26–7–3, 85 ಪಾಯಿಂಟ್]

36 ಪಂದ್ಯದಲ್ಲಿ ರಿಯೇಕಾ ಸೋತಿದ್ದು ಒಂದೇ ಒಂದು. ಮೂರು ಸಲ ಸೋತ ದಿನಾಮೊ ಚಾಂಪಿಯನ್. ಅದೂ 8 ಪಾಯಿಂಟ್ ಮುಂದೆ!

ಪಾಯಿಂಟ್ ಪಟ್ಟಿ ಓದುವ ಒಂದು ಕ್ರಮ ಹೇಳುತ್ತೇನೆ. ಗಳಿಸಿದ್ದನ್ನು ಎಣಿಸಬೇಡಿ, ಕಳೆದುಕೊಂಡಿದ್ದನ್ನು ಎಣಿಸಿ. ಪ್ರತಿ ಪಂದ್ಯಕ್ಕೂ ತಂಡ ಮೂರು ಸೇರು ನೀರು ತುಂಬಿದ ಬಿಂದಿಗೆ ಹೊತ್ತು ಹೊರಡುತ್ತದೆ ಅಂದುಕೊಳ್ಳಿ. ಗೆದ್ದರೆ ಅಷ್ಟೂ ಮನೆ ಸೇರಿತು. ಸೋತರೆ ಬಿಂದಿಗೆ ಒಡೆಯಿತು, ಮೂರೂ ಹೋಯಿತು. ಡ್ರಾ ಆದರೆ ಬಿಂದಿಗೆ ಸೋರಿತು. ಒಡೆದ ಸದ್ದು ಊರಿಗೆಲ್ಲ ಕೇಳುತ್ತದೆ, ಸೋರಿದ್ದು ಯಾರಿಗೂ ಕೇಳುವುದಿಲ್ಲ. ಆದರೆ ಮನೆ ಮುಟ್ಟುವಷ್ಟರಲ್ಲಿ ಉಳಿದಿರುವುದು ಒಂದೇ ಸೇರು.

ಆ ವರ್ಷ ರಿಯೇಕಾ ಕಳೆದುಕೊಂಡಿದ್ದು 31 ಪಾಯಿಂಟ್. ಸೋಲಿನಿಂದ ಹೋಗಿದ್ದು ಬರೀ 3. ಮಿಕ್ಕ 28 ಪಾಯಿಂಟ್ ಹೋಗಿದ್ದು 14 ಡ್ರಾಗಳಿಂದ. ಸೋಲದ ತಂಡ ಅನ್ನುವ ಹೆಸರಿನ ಒಳಗೇ ಸೋಲು ಕೂತಿತ್ತು.

ಈಗ 2016–17ಕ್ಕೆ ಬನ್ನಿ. ಡ್ರಾ 14ರಿಂದ 7ಕ್ಕೆ ಇಳಿಯಿತು, ಗೆಲುವು 21ರಿಂದ 27ಕ್ಕೆ ಏರಿತು. ಸೋಲು ಒಂದು ಹೆಚ್ಚಾಯಿತು, ಆದರೂ ಪಾಯಿಂಟ್ 11 ಮೇಲೆ! ಮತ್ತೆ ಎಣಿಸೋಣ. ರಿಯೇಕಾ ಕಳೆದುಕೊಂಡಿದ್ದು ಡ್ರಾದಲ್ಲಿ 14, ಸೋಲಿನಲ್ಲಿ 6, ಒಟ್ಟು 20. ದಿನಾಮೊ ಡ್ರಾದಲ್ಲಿ 10, ಸೋಲಿನಲ್ಲಿ 12, ಒಟ್ಟು 22. ಸಿಕ್ಕಿತಲ್ಲ? ದಿನಾಮೊಗೆ ಒಡೆದ ಎರಡು ಬಿಂದಿಗೆ ರಿಯೇಕಾಗೆ ಬರೀ ಸೋರಿದವು. ಹಿಂದಿನ ವರ್ಷ ಟ್ರೋಫಿ ತಪ್ಪಿಸಿದ ಡ್ರಾ, ಈ ವರ್ಷ ಟ್ರೋಫಿ ತಂದುಕೊಟ್ಟಿತು. ಫುಟ್ಬಾಲಿನಲ್ಲಿ ನನಗೆ ಇದಕ್ಕಿಂತ ಚಂದದ ಲೆಕ್ಕ ಗೊತ್ತಿಲ್ಲ.

ಈ ಊರಿಗೆ ಡ್ರಾ ಕೊಟ್ಟ ಹಳೆಯ ನೋವೂ ಒಂದಿದೆ. 1999, ಲೀಗ್ ಸೀಸನ್ನಿನ ಕೊನೆಯ ಸುತ್ತು, ಹಳೆಯ ಕಾಂತ್ರಿದಾ ಮೈದಾನ. ಒಂದು ಬದಿ ಕಡಿದಾದ ಬಂಡೆಗೋಡೆ, ಇನ್ನೊಂದು ಬದಿ ಸಮುದ್ರ, ನಡುವೆ ಹುಲ್ಲು. ಓಸಿಯೆಕ್ ವಿರುದ್ಧ ಗೆದ್ದರೆ ಮೊದಲ ಪ್ರಶಸ್ತಿ. 1–1 ಇದ್ದಾಗ, ಪಂದ್ಯ ಮುಗಿಯಲು ಕೆಲವೇ ನಿಮಿಷ ಬಾಕಿ, ರಿಯೇಕಾ ಗೋಲು ಹೊಡೆಯಿತು. ಸಹಾಯಕ ರೆಫರಿ ಆಫ್‌ಸೈಡ್ ಬಾವುಟ ಎತ್ತಿದರು. ಅದು ಆಫ್‌ಸೈಡ್ ಆಗಿರಲಿಲ್ಲ ಎಂದು ಟಿವಿ ದೃಶ್ಯ ತೋರಿಸಿತು. ಪಂದ್ಯ ಡ್ರಾ. ಪ್ರಶಸ್ತಿ ಆಗ ಕ್ರೊವೇಷಿಯಾ ಜಾಗ್ರೆಬ್ ಹೆಸರಿನಲ್ಲಿ ಆಡುತ್ತಿದ್ದ ಇದೇ ದಿನಾಮೊಗೆ. ರಿಯೇಕಾ ಮತ್ತೆ 18 ವರ್ಷ ಕಾಯಬೇಕಾಯಿತು.

ಹಾಗಾದರೆ ಡ್ರಾಗಳು ಗೆಲುವಾಗಿದ್ದು ಹೇಗೆ? ಸಮಯ ಓಡುತ್ತಿದೆ, ಕಾರಣಗಳನ್ನು ಒಟ್ಟಿಗೇ ಹೇಳುತ್ತೇನೆ.

ಸ್ಲೊವೇನಿಯಾದ ಕೋಚ್ ಮತ್ಯಾಜ್ ಕೇಕ್ 2013ರಿಂದ ಅಲ್ಲೇ ಇದ್ದರು. ಮೂರು ಸೀಸನ್ ಸತತ ಎರಡನೇ ಸ್ಥಾನ ಬಂದರೂ ಕ್ಲಬ್ ಅವರನ್ನು ತೆಗೆಯಲಿಲ್ಲ. ದಿನಾಮೊ ಸೀಸನ್ ಶುರುವಿನಲ್ಲೇ ಕೋಚ್ ಬದಲಿಸಿತು. ದಿನಾಮೊ ಬಿಟ್ಟು ಬಂದ ಫ್ರಾಂಕೊ ಆಂದ್ರಿಯಾಶೆವಿಚ್, ಮಿಡ್‌ಫೀಲ್ಡರ್ ಆಗಿದ್ದುಕೊಂಡು ಲೀಗಿನಲ್ಲಿ 16 ಗೋಲು ಹೊಡೆದರು. ಡ್ರಾವನ್ನು ಗೆಲುವಾಗಿಸಲು ಬೇಕಿದ್ದುದು ಇದೇ, ಮುಂಚೂಣಿಯ ಆಟಗಾರರನ್ನು ಎದುರಾಳಿ ಕಟ್ಟಿಹಾಕಿದಾಗ ಹಿಂದಿನಿಂದ ಬಂದು ಗೋಲು ಹೊಡೆಯುವ ಒಬ್ಬ. ಗೋಲ್‌ಕೀಪರ್ ಆಂದ್ರೆಯ್ ಪ್ರ್‌ಸ್ಕಾಲೊ ಮತ್ತು ಅವರ ಮುಂದಿನ ಡಿಫೆನ್ಸ್ 36 ಪಂದ್ಯಕ್ಕೆ ಬಿಟ್ಟುಕೊಟ್ಟಿದ್ದು 23 ಗೋಲು. ಜನವರಿಯಲ್ಲಿ ಡಿಫೆಂಡರ್ ಮತೇಯ್ ಮಿತ್ರೊವಿಚ್ ಅವರನ್ನು ಟರ್ಕಿಯ ಬೆಶಿಕ್ತಾಶ್‌ಗೆ ಮಾರಿದ ಮೇಲೂ ಗೋಡೆ ಬೀಳಲಿಲ್ಲ.

ಇನ್ನೊಂದು, ಪ್ರಯಾಣ. ರಿಯೇಕಾ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನ ಅರ್ಹತಾ ಸುತ್ತಿನಲ್ಲೇ ಇಸ್ತಾಂಬುಲ್ ಬಶಾಕ್‌ಶೆಹಿರ್ ವಿರುದ್ಧ ಹೊರಬಿತ್ತು. 0–0, 2–2, ಒಟ್ಟು ಗೋಲು ಸಮವಾದರೆ ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ ಎಂಬ ಆಗಿನ ನಿಯಮದಿಂದ. ಆಗ ಅದು ದೊಡ್ಡ ಪೆಟ್ಟು. ಆದರೆ ಆಗಸ್ಟ್‌ನಿಂದ ಯುರೋಪಿನ ಪಂದ್ಯಗಳಿಲ್ಲ, ವಾರದ ಮಧ್ಯೆ ಕಾಲಿಗೆ ವಿಶ್ರಾಂತಿ. ದಿನಾಮೊ ಚಾಂಪಿಯನ್ಸ್ ಲೀಗ್ ಗುಂಪಿನಲ್ಲಿ ಯುವೆಂಟಸ್, ಸೆವಿಯಾ, ಲಿಯೋನ್ ವಿರುದ್ಧ ಆರು ಪಂದ್ಯ ಆಡಿತು. ಪಾಯಿಂಟ್ ಸೊನ್ನೆ, ಗೋಲೂ ಸೊನ್ನೆ. ಅಂಥ ಬುಧವಾರ ಕಳೆದು ಶನಿವಾರ ಲೀಗ್ ಪಂದ್ಯಕ್ಕೆ ಇಳಿಯುವುದು ಸುಲಭವಲ್ಲ.

2017ರ ಮೇ 21. ಹೊಸ ಮೈದಾನ ರುಯೆವಿತ್ಸಾದಲ್ಲಿ ರಿಯೇಕಾ ಸಿಬಾಲಿಯಾವನ್ನು 4–0 ಸೋಲಿಸಿತು, ಇನ್ನೂ ಒಂದು ಸುತ್ತು ಬಾಕಿ ಇರುವಾಗಲೇ ಚಾಂಪಿಯನ್. ಎರಡು ಪಾಯಿಂಟ್ ಅಂತರ ನೋಡಿ ಕೊನೆ ದಿನದವರೆಗೂ ಎಳೆದಾಟ ಅಂದುಕೊಂಡಿದ್ದರೆ ಅದು ತಪ್ಪು. ಹತ್ತು ದಿನದ ನಂತರ, ಲೀಗಿಗಿಂತ ಬೇರೆಯೇ ಆದ ಕ್ರೊವೇಷಿಯಾ ಕಪ್ ಟೂರ್ನಿಯ ಫೈನಲ್‌ನಲ್ಲೂ ರಿಯೇಕಾ ಎದುರು ದಿನಾಮೊಗೆ 3–1 ಸೋಲು.

ಕೊನೆಯದಾಗಿ ಒಂದು ಲೆಕ್ಕ. ಆ ಸೀಸನ್ನಿನಲ್ಲಿ ರಿಯೇಕಾದ ಎರಡು ಡ್ರಾ ಸೋಲಾಗಿದ್ದರೆ? 86–86. ಆಗ ಚಾಂಪಿಯನ್ ಯಾರೆಂದು ಪಾಯಿಂಟ್ ಬಿಟ್ಟು ಬೇರೆ ಲೆಕ್ಕದಿಂದ ನೋಡಬೇಕಾಗುತ್ತಿತ್ತು. 2017ರಲ್ಲಿ ಆ ಪ್ರಮೇಯ ಬರಲಿಲ್ಲ. 2025ರಲ್ಲಿ ಬಂತು.

[ಪರದೆ: 2024–25. ರಿಯೇಕಾ 65. ದಿನಾಮೊ 65. ಹಾಯ್ಡುಕ್ 63]

ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ರಿಯೇಕಾ ಮುಂದಿತ್ತು. ಹಾಗೆ ರಿಯೇಕಾ ಎರಡನೇ ಸಲ ಚಾಂಪಿಯನ್.