ನೀರು ಹಸಿರಾದ್ರೆ ಟ್ಯಾಬ್ಲೆಟ್ ಡಬ್ಬಿ ಮುಟ್ಟಬೇಡಿ

"ಕ್ಲೋರಿನ್ 2 ಪಿಪಿಎಂ ತೋರಿಸ್ತಿದೆ, ಆದ್ರೂ ಈಜುಕೊಳದ ನೀರು ಹಸಿರಾಗಿದೆ, ಏನ್ಮಾಡ್ಲಿ?" ಅಂತ ಕೇಳದವರಿಲ್ಲ. (ಪಿಪಿಎಂ ಅಂದ್ರೆ ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗ.) ಸಿಗೋ ಉತ್ತರವೂ ಹೆಚ್ಚುಕಮ್ಮಿ ಒಂದೇ: ಇನ್ನೆರಡು ಕ್ಲೋರಿನ್ ಟ್ಯಾಬ್ಲೆಟ್ ಹಾಕಿ. ನನ್ನ ಪ್ರಕಾರ ತೊಂದರೆ ಶುರುವಾಗಿದ್ದೇ ಆ ಟ್ಯಾಬ್ಲೆಟ್‌ನಿಂದ.

ಲೆಕ್ಕ ಹಾಕೋಣ. ಆ ಬಿಳಿ ಬಿಲ್ಲೆ ಅಂದ್ರೆ ಟ್ರೈಕ್ಲೋರ್. ನೀರಿಗೆ ಬಿದ್ದು ಕರಗಿದಾಗ ಅದರಿಂದ ಬರೋದು ಕ್ಲೋರಿನ್ ಒಂದೇ ಅಲ್ಲ, ಸಯನೂರಿಕ್ ಆಮ್ಲವೂ ಬರುತ್ತೆ. ಅದನ್ನೇ ಸ್ಟೆಬಿಲೈಸರ್ ಅಂತ ಮಾರೋದು. 200 ಗ್ರಾಂ ತೂಕದ ಒಂದು ಟ್ಯಾಬ್ಲೆಟ್ 50,000 ಲೀಟರ್ ನೀರಿಗೆ ಸುಮಾರು 3.6 ಪಿಪಿಎಂ ಕ್ಲೋರಿನ್ ಕೊಡುತ್ತೆ, 2.2 ಪಿಪಿಎಂ ಸ್ಟೆಬಿಲೈಸರ್ ಉಳಿಸಿ ಹೋಗುತ್ತೆ. ಕ್ಲೋರಿನ್ ದಿನಾ ಖರ್ಚಾಗುತ್ತೆ. ಸ್ಟೆಬಿಲೈಸರ್ ಹಾಗಲ್ಲ, ನೀರು ಆವಿಯಾದ್ರೂ ಅದು ಕೊಳದಲ್ಲೇ ಇರುತ್ತೆ. ವಾರಕ್ಕೆ ನಾಲ್ಕು ಟ್ಯಾಬ್ಲೆಟ್ ಹಾಕ್ತಾ ಹೋದ್ರೆ ಮೂರು ತಿಂಗಳಲ್ಲಿ 100 ದಾಟುತ್ತೆ.

ಹಾಗಂತ ಸ್ಟೆಬಿಲೈಸರ್ ಬೇಡವೇ ಬೇಡ ಅಂತಲ್ಲ. ತೆರೆದ ಕೊಳದಲ್ಲಿ ಅದಿಲ್ಲದಿದ್ರೆ ಸುಡುಬಿಸಿಲಿಗೆ ಕ್ಲೋರಿನ್ ಬಹುಪಾಲು ಎರಡು ಗಂಟೆಯೊಳಗೆ ಹೋಗಿಬಿಡುತ್ತೆ. 30ರಿಂದ 50 ಪಿಪಿಎಂ ಇರಲಿ. ಆದ್ರೆ ಅದು ಕ್ಲೋರಿನ್ನನ್ನ ಕಾಯೋದೇ ಹಿಡಿದಿಟ್ಟುಕೊಂಡು. ಪ್ರಮಾಣ ಏರಿದಷ್ಟೂ ಹಿಡಿತ ಬಿಗಿ, ಪಾಚಿ ಕೊಲ್ಲೋಕೆ ಬಿಡುವಿರೋ ಕ್ಲೋರಿನ್ ಕಡಿಮೆ. ಟೆಸ್ಟ್ ಕಿಟ್‌ಗೆ ಈ ಭೇದ ಗೊತ್ತಾಗಲ್ಲ, ಹಿಡಿದದ್ದನ್ನೂ ಬಿಟ್ಟದ್ದನ್ನೂ ಕೂಡಿಸಿ 2 ಅಂತ ತೋರಿಸುತ್ತೆ. ಕೆಲಸಕ್ಕೆ ಬರೋ ಅಂದಾಜು ಇದು: ಸ್ಟೆಬಿಲೈಸರ್ ಎಷ್ಟಿದೆಯೋ ಅದರ ಶೇಕಡಾ 7.5ರಷ್ಟಾದ್ರೂ ಕ್ಲೋರಿನ್ ಇರಬೇಕು. 40 ಇದ್ರೆ 3 ಸಾಕು. 100 ಇದ್ರೆ 7.5 ಬೇಕು. 2 ಯಾವ ಮೂಲೆಗೂ ಸಾಲಲ್ಲ.

ಸ್ಟೆಬಿಲೈಸರ್ ಅಳೆಯೋದು ಕಷ್ಟವಿಲ್ಲ. ಕೊಳದ ನೀರಿಗೆ ಕಿಟ್‌ನ ದ್ರಾವಣ ಬೆರೆಸಿದ್ರೆ ಹಾಲಿನಂತಾಗುತ್ತೆ, ತಳದಲ್ಲಿ ಕಪ್ಪು ಚುಕ್ಕೆ ಇರೋ ಕೊಳವೆಗೆ ಸುರೀತಾ ಹೋಗಿ, ಚುಕ್ಕೆ ಮರೆಯಾದ ಗೆರೆಯೇ ಉತ್ತರ. 100ರ ಗೆರೆಯಲ್ಲೇ ಮರೆಯಾದ್ರೆ ನಂಬಬೇಡಿ. ಕೊಳದ ನೀರಿಗೆ ಅಷ್ಟೇ ನಲ್ಲಿ ನೀರು ಸೇರಿಸಿ ಮತ್ತೆ ಅಳೆದು ಎರಡರಿಂದ ಗುಣಿಸಿ. ಇನ್ನೊಂದು ಮಾತು, ಕ್ಲೋರಿನ್ ತೀರಾ ಹೆಚ್ಚಾದ್ರೆ ಅದನ್ನ ಅಳೆಯೋ ಗುಲಾಬಿ ಬಣ್ಣದ ಟೆಸ್ಟ್ ತಾನೇ ಬಿಳುಚಿ ಸೊನ್ನೆ ಅಂತ ಕಾಣುತ್ತೆ. ಅದನ್ನ ನೋಡಿ ಇನ್ನಷ್ಟು ಸುರಿಯೋರೂ ಇದ್ದಾರೆ!

ಸ್ಟೆಬಿಲೈಸರ್ 100ರಿಂದ 50ಕ್ಕೆ ಇಳಿಸಬೇಕಾದ್ರೆ ಅರ್ಧ ನೀರು ಬದಲಿಸಬೇಕು, ನಂಬಬಹುದಾದ ಬೇರೆ ದಾರಿ ಇಲ್ಲ. ಒಂದೇ ಸಲ ಪೂರ್ತಿ ಖಾಲಿ ಮಾತ್ರ ಮಾಡಬೇಡಿ. ಅಂತರ್ಜಲ ಮೇಲಿದ್ರೆ ಕೆಳಗಿನ ಒತ್ತಡಕ್ಕೆ ಕೊಳದ ತಳವೇ ಮೇಲೆದ್ದು ಬಿರುಕು ಬಿಡಬಹುದು.

ಆಮೇಲೆ ದಿನದ ಬಳಕೆಗೆ ದ್ರವ ಕ್ಲೋರಿನ್‌ಗೆ ಬನ್ನಿ. ಶೇಕಡಾ 10ರ ದ್ರಾವಣವಾದ್ರೆ 50,000 ಲೀಟರಿಗೆ ಅರ್ಧ ಲೀಟರ್ ಹಾಕಿದ್ರೆ 1 ಪಿಪಿಎಂ ಏರುತ್ತೆ. ಸಂಜೆ, ಪಂಪ್ ಓಡ್ತಿರುವಾಗ, ನೀರು ವಾಪಸ್ ಬರೋ ಬಾಯಿಯ ಮುಂದೆ ನಿಧಾನವಾಗಿ ಸುರೀರಿ. ಬಿಸಿಗೆ ಇದರ ಶಕ್ತಿ ಇಳಿಯುತ್ತೆ, ತಿಂಗಳುಗಟ್ಟಲೆ ಕೂಡಿಡಬೇಡಿ. ಟ್ಯಾಬ್ಲೆಟ್ ಊರಿಗೆ ಹೋಗೋ ವಾರಕ್ಕೆ ಮಾತ್ರ ಇರಲಿ.

"ಪಿಎಚ್ ದಿನಾ ಏರುತ್ತೆ, ಯಾಕೆ?" ಇದೂ ಸಾಮಾನ್ಯ ಪ್ರಶ್ನೆ. ಕೊಳದ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿದ್ದು, ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರ್ತಾ ಇರುತ್ತೆ, ಅದು ಹೋದಷ್ಟೂ ಪಿಎಚ್ ಏರುತ್ತೆ. ಕಾರಂಜಿ ಇದ್ರೆ ಇನ್ನೂ ಬೇಗ. ಆಸಿಡ್ ಹಾಕಿ ಪಿಎಚ್ ಇಳಿಸಿ, ಕ್ಷಾರತೆ (ನೀರಿನ ಬೈಕಾರ್ಬನೇಟ್ ಪ್ರಮಾಣ) ಕಡಿಮೆಯಾಯ್ತು ಅಂತ ಗಾಬರಿಯಾಗಿ ಅಡುಗೆ ಸೋಡಾ ಹಾಕಿ, ಮತ್ತೆ ಆಸಿಡ್ ಹಾಕೋ ಗಾಣ ಸುತ್ತಬೇಡಿ. ದ್ರವ ಕ್ಲೋರಿನ್ ಬಳಸೋರಿಗೆ ಕ್ಷಾರತೆ 70-80 ಪಿಪಿಎಂ ಇದ್ರೂ ನಡೆಯುತ್ತೆ. ಪಿಎಚ್ 7.2ರಿಂದ 7.8ರೊಳಗೆ ನಿಂತ್ರೆ ಸಾಕು.

ಮೂಗಿಗೆ ಹೊಡೆಯೋ "ಕ್ಲೋರಿನ್ ವಾಸನೆ" ಕ್ಲೋರಿನ್ ಹೆಚ್ಚಾದದ್ದರಿಂದಲ್ಲ. ಬೆವರು, ಮೂತ್ರದ ಜೊತೆ ಸೇರಿ ಆದ ಕ್ಲೋರಮಿನ್ ಅದು. ಈಜೋ ಮುಂಚೆ ಸ್ನಾನ ಮಾಡಿಸಿ.

ಮರಳಿನ ಫಿಲ್ಟರ್‌ನ ಒತ್ತಡದ ಗೇಜ್, ಫಿಲ್ಟರ್ ಶುದ್ಧವಿದ್ದಾಗಿನ ಅಂಕಿಗಿಂತ 8-10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿ, ಅಂದ್ರೆ ನೀರನ್ನ ಉಲ್ಟಾ ಹರಿಸಿ ಮರಳು ತೊಳೆಯಿರಿ. ಪಂಪ್ ನಿಲ್ಲಿಸದೆ ವಾಲ್ವ್ ತಿರುಗಿಸಿದ್ರೆ ಒಳಗಿನ ಗ್ಯಾಸ್ಕೆಟ್ ಹೋಯ್ತು ಅಂತಲೇ ತಿಳಿಯಿರಿ.

ಉಳಿದ ಟ್ಯಾಬ್ಲೆಟ್‌ಗಳನ್ನ ಕ್ಯಾಲ್ಸಿಯಂ ಹೈಪೋಕ್ಲೋರೈಟ್ (ಇನ್ನೊಂದು ಬಗೆಯ ಕ್ಲೋರಿನ್) ಪುಡಿಯ ಹತ್ತಿರ ಇಡಬೇಡಿ. ಎರಡಕ್ಕೂ ಒಂದೇ ಸೌಟು ಬಳಸಿದ್ರೂ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಆಸಿಡ್ ಕ್ಯಾನ್ ಇವೆರಡರಿಂದಲೂ ದೂರ, ಬೇರೆ ಕಡೆ.