ಕಾನೂನು ಎಲ್ಲಿದೆ, ತೋರಿಸಿ

ಕೇಳುಗರಿಗೆ ನಮಸ್ಕಾರ.

1762ರ ನವೆಂಬರ್. ಲಂಡನ್ನಿನ ಸ್ಟೆಪ್ನಿಯಲ್ಲಿದ್ದ ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ದೊರೆಯ ಆಳುಗಳು ನುಗ್ಗಿದರು. ಸರ್ಕಾರವನ್ನು ಟೀಕಿಸುವ ಪತ್ರಿಕೆಗೆ ಬರೆಯುತ್ತಾನೆ ಎಂಬುದು ಅವನ ಮೇಲಿದ್ದ ಆರೋಪ. ನಾಲ್ಕು ಗಂಟೆ ಕಾಲ ಕೋಣೆಕೋಣೆ ಜಾಲಾಡಿ, ಬೀಗ ಮುರಿದು, ಪೆಟ್ಟಿಗೆಗಳನ್ನು ಒಡೆದು, ಕಾಗದಪತ್ರಗಳನ್ನು ಹೊತ್ತೊಯ್ದರು. ಅವರ ಕೈಯಲ್ಲಿದ್ದದ್ದು ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಕೊಟ್ಟ ವಾರಂಟು.

ಎಂಟಿಕ್ ದಾವೆ ಹೂಡಿದ. 1765ರಲ್ಲಿ ತೀರ್ಪು ಕೊಟ್ಟ ಲಾರ್ಡ್ ಕ್ಯಾಮ್ಡೆನ್ ಮಂತ್ರಿಗೆ ಈ ಅಧಿಕಾರ ಕೊಟ್ಟ ಕಾನೂನನ್ನು ಗ್ರಂಥಗಳಲ್ಲಿ ಹುಡುಕಿದರು, ಸಿಗಲಿಲ್ಲ. ಹಾಗಿದ್ದಮೇಲೆ ಇದು ಅತಿಕ್ರಮ ಪ್ರವೇಶವೇ ಸರಿ ಎಂದರು. ರಾಜ್ಯದ ಹಿತಕ್ಕಾಗಿ ಮಾಡಿದ್ದು ಎಂಬ ಸಮಜಾಯಿಷಿ ನಡೆಯಲಿಲ್ಲ. ಎಂಟಿಕ್‌ಗೆ 300 ಪೌಂಡ್ ಪರಿಹಾರ ಸಿಕ್ಕಿತು.

ಬ್ರಿಟನ್ನಿನಲ್ಲಿ ನಮ್ಮಲ್ಲಿರುವಂತೆ ಒಂದೇ ಕಡೆ ಬರೆದಿಟ್ಟ ಸಂವಿಧಾನವಿಲ್ಲ. ಎಷ್ಟೋ ಹಕ್ಕುಗಳು ಹೀಗೆ ಒಂದೊಂದು ಮೊಕದ್ದಮೆಯಲ್ಲಿ ಗಟ್ಟಿಯಾದವು. ಆದರೆ ಎಂಟಿಕ್ ಗೆದ್ದದ್ದು ಅಂಥ ಕಾನೂನು ಇರಲಿಲ್ಲವಾದ್ದರಿಂದ. ಇದ್ದಿದ್ದರೆ?

ಎರಡನೇ ಮಹಾಯುದ್ಧದಲ್ಲಿ ಆ ಪ್ರಶ್ನೆ ಎದುರಾಯಿತು. ಒಬ್ಬ ವ್ಯಕ್ತಿ ಅಪಾಯಕಾರಿ ಎಂದು ನಂಬಲು ಗೃಹಮಂತ್ರಿಗೆ ಸಕಾರಣವಿದ್ದರೆ, ವಿಚಾರಣೆಯಿಲ್ಲದೆ ಸೆರೆಯಲ್ಲಿಡಬಹುದು ಎಂದಿತ್ತು 18-ಬಿ ನಿಯಮ. ಆ ಕಾರಣ ಯಾವುದು ಎಂದು ಸೆರೆಯಾಳು ಲಿವರ್ಸಿಜ್ ಕೇಳಿದ. 1941ರಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಲಾರ್ಡ್ಸ್ ಸಭೆಯ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಮಂತ್ರಿ ನಂಬಿದ್ದರೆ ಸಾಕು, ಕಾರಣ ಹೇಳಬೇಕಿಲ್ಲ ಎಂದುಬಿಟ್ಟರು. ಶಸ್ತ್ರಗಳ ಸದ್ದಿನ ನಡುವೆಯೂ ಕಾನೂನು ಮೂಕವಾಗುವುದಿಲ್ಲ ಎಂದು ಲಾರ್ಡ್ ಆಟ್ಕಿನ್ ಒಬ್ಬರೇ ಭಿನ್ನವಾಗಿ ಬರೆದರು. ಮುಂದೆ ಬ್ರಿಟಿಷ್ ನ್ಯಾಯಮೂರ್ತಿಗಳೇ ಒಪ್ಪಿಕೊಂಡದ್ದು ಆಟ್ಕಿನ್ ಮಾತನ್ನು. ನಮ್ಮಲ್ಲಿ ಮಾತ್ರ ತುರ್ತುಪರಿಸ್ಥಿತಿಯ ಕಾಲಕ್ಕೆ, ವಿಚಾರಣೆಯಿಲ್ಲದ ಸೆರೆಯ ಬಗ್ಗೆ ಸುಪ್ರೀಂ ಕೋರ್ಟ್ 1976ರಲ್ಲಿ ತೀರ್ಮಾನಿಸಿದ ಜಬಲ್ಪುರ ಪ್ರಕರಣದಲ್ಲಿ, ಆ ಹಳೆಯ ಬಹುಮತದ ತೀರ್ಪಿಗೇ ಮತ್ತೆ ಜೀವ ಬಂತು. ಕರ್ನಾಟಕ ಹೈಕೋರ್ಟಿನಿಂದ ಹೋದ ಮೇಲ್ಮನವಿಯೂ ಅದರಲ್ಲಿ ಸೇರಿತ್ತು. ಅಲ್ಲಿಯೂ ಭಿನ್ನವಾಗಿ ನಿಂತವರು ಒಬ್ಬರೇ, ನ್ಯಾಯಮೂರ್ತಿ ಖನ್ನಾ.

ಬ್ರಿಟನ್ನಿನ ಈಗಿನ ಮುಖ್ಯ ಆಸರೆ 1998ರ ಮಾನವ ಹಕ್ಕುಗಳ ಕಾಯಿದೆ. ಚಿತ್ರಹಿಂಸೆಯ ನಿಷೇಧಕ್ಕೆ ಅದರಲ್ಲಿ ಯಾವ ವಿನಾಯಿತಿಯೂ ಇಲ್ಲ. ವಾಕ್ ಸ್ವಾತಂತ್ರ್ಯ, ಖಾಸಗಿತನ, ಸಭೆ ಸೇರುವ ಹಕ್ಕುಗಳಿಗೆ ಮಿತಿ ಹಾಕಬಹುದು; ಆದರೆ ಅದಕ್ಕೆ ಕಾನೂನಿನ ಆಧಾರ ಬೇಕು, ನಿಜವಾದ ಅಗತ್ಯ ಬೇಕು, ಆ ಅಗತ್ಯಕ್ಕಿಂತ ಹೆಚ್ಚು ಬಿಗಿ ಇರಬಾರದು.

ಇದು ಎಷ್ಟರಮಟ್ಟಿಗೆ ಕಾಯುತ್ತದೆ ಎಂಬುದಕ್ಕೆ ಬೆಲ್ಮಾರ್ಷ್ ಜೈಲಿನ ಪ್ರಕರಣ ನೋಡಬೇಕು. ಅಮೆರಿಕದ ಮೇಲೆ ದಾಳಿಯಾದ ಬೆನ್ನಲ್ಲೇ, 2001ರಲ್ಲಿ, ಭಯೋತ್ಪಾದನೆಯ ಶಂಕೆಯಿರುವ ವಿದೇಶೀಯರನ್ನು ದೇಶದಿಂದ ಕಳಿಸಲಾಗದಿದ್ದರೆ ಅನಿರ್ದಿಷ್ಟ ಕಾಲ ಸೆರೆಯಲ್ಲಿಡುವ ಕಾಯಿದೆ ಬಂತು. 2004ರ ಡಿಸೆಂಬರ್ 16ರಂದು ಲಾರ್ಡ್ಸ್ ಸಭೆಯ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಅದನ್ನು ತಪ್ಪೆಂದರು. ಲಾರ್ಡ್ ಬಿಂಗ್‌ಹ್ಯಾಮ್ ಅವರ ತರ್ಕ ನೇರವಾಗಿತ್ತು: ಅದೇ ಶಂಕೆಯಿರುವ ಬ್ರಿಟಿಷ್ ಪ್ರಜೆ ಹೊರಗೆ ಓಡಾಡಿಕೊಂಡಿರುವಾಗ ವಿದೇಶೀಯನನ್ನಷ್ಟೇ ಕೂಡಿಹಾಕುವುದು ತಾರತಮ್ಯ.

ಆದರೂ ಅಂದು ಸೆರೆಮನೆಯ ಬಾಗಿಲು ತೆರೆಯಲಿಲ್ಲ. ಸಂಸತ್ತಿನ ಕಾಯಿದೆಯನ್ನು ರದ್ದುಮಾಡುವ ಅಧಿಕಾರ ನಮ್ಮ ಸುಪ್ರೀಂ ಕೋರ್ಟಿಗೆ ಇರುವಂತೆ ಅಲ್ಲಿನ ನ್ಯಾಯಾಲಯಕ್ಕಿಲ್ಲ. ಹಕ್ಕಿಗೆ ಹೊಂದುವುದಿಲ್ಲ ಎಂದು ಘೋಷಿಸಬಹುದು, ಅಷ್ಟೆ. ತಿದ್ದುವುದು ಬಿಡುವುದು ಸಂಸತ್ತಿಗೆ ಬಿಟ್ಟದ್ದು. ಚುನಾಯಿತರ ಮಾತೇ ಕೊನೆಯದಾಗಬೇಕು ಎಂಬ ವಾದದ ತೂಕ ನನಗೆ ಅರ್ಥವಾಗುತ್ತದೆ. ಆದರೆ ವೋಟೇ ಇಲ್ಲದ ವಿದೇಶಿ ಕೈದಿಯ ಪಾಲಿಗೆ ಆ ಸಂಸತ್ತಿನಲ್ಲಿ ಮಾತಾಡುವವರು ಯಾರು?

2005ರ ಮಾರ್ಚಿನಲ್ಲಿ ಸಂಸತ್ತು ಆ ಅಧಿಕಾರವನ್ನು ಕೈಬಿಟ್ಟು ನಿಯಂತ್ರಣ ಆದೇಶಗಳ ಕಾಯಿದೆ ತಂದಿತು. ಅದರಡಿ ಕೆಲವರು ದಿನಕ್ಕೆ 18 ಗಂಟೆ ಪುಟ್ಟ ಮನೆಯೊಳಗೇ ಇರಬೇಕಾಯಿತು. ಇದೂ ಸ್ವಾತಂತ್ರ್ಯಹರಣವೇ ಎಂದು 2007ರಲ್ಲಿ ಲಾರ್ಡ್ಸ್ ಸಭೆಯ ಬಹುಮತದ ತೀರ್ಪು ಬಂತು. ಇವು ಸಂಸತ್ತಿನ ಕಾಯಿದೆಯಲ್ಲ, ಮಂತ್ರಿಯ ಆದೇಶಗಳಾದ್ದರಿಂದ ಬಿದ್ದುಹೋದವು.

ನಮಸ್ಕಾರ.